ಸತ್ತ ಬಾವಿಗೆ ದೀಪ ಹಾಕಿದ ಕೋಟೆ

ನದಿ ದಂಡೆಯ ಹೋಟೆಲು

ಜರ್ಮನಿಯಲ್ಲಿ ನಾನು ಮೊದಲು ಕೇಳಿದ್ದು ಒಂದು ಲೋಟ ನೀರು. ಕೊಟ್ಟಿದ್ದು ಸೋಡಾ. ಬುಸ್ಸೆಂದು ಮೂಗಿಗೇರುವ, ಉಪ್ಪೂ ಅಲ್ಲದ ಸಪ್ಪೆಯೂ ಅಲ್ಲದ ಸೋಡಾ. ಇದಲ್ಲಮ್ಮ, ಬರೀ ನೀರು ಎಂದು ಕೈಸನ್ನೆ ಮಾಡಿ ತೋರಿಸಿದೆ. ಹೋಟೆಲಿನ ಹುಡುಗಿ ಒಳಗೆ ಹೋಗಿ ಇನ್ನೊಂದು ಬಾಟಲಿ ತಂದಳು. ಅದರಲ್ಲಿ ಗುಳ್ಳೆ ಕಮ್ಮಿ, ಅಷ್ಟೇ. ಎರಡಕ್ಕೂ ಬಿಲ್ಲು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ದಾರಿಹೋಕ ಬಾಗಿಲಲ್ಲಿ ನಿಂತರೆ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಟ್ಟ ಮೇಲೇ ಯಾರು, ಏನು ಎಂದು ಕೇಳುವುದು. ಇಲ್ಲಿ ಕಿಟಕಿಯಾಚೆ ರೈನ್ ನದಿ ಹರಿಯುತ್ತಿದೆ, ಮಧುಗಿರಿ ತಾಲ್ಲೂಕೆಲ್ಲ ಬೊಗಸೆಯೊಡ್ಡಿ ಕುಡಿದರೂ ತೀರದಷ್ಟು. ಮೇಜಿನ ಮೇಲೆ ಮಾತ್ರ ಸೋಡಾ.

"ಗುಸ್ಸಾ ಕಮ್ಮಿ ಮಾಡ್ಕೋ ಲಕ್ಷ್ಮಕ್ಕ. ಬಿಪಿ ಮಾತ್ರೆ ಮುಗ್ದೋದ್ರೆ ಇಲ್ಲಿ ಡಾಕ್ಟ್ರ ಚೀಟಿ ಇಲ್ದೆ ಕೊಡಲ್ಲ" ಎಂದಳು ನೂರ್ಜಾನ್.

ನೂರ್ಜಾನ್ ಶಿರಾದವಳು. ಅಲ್ಲಿನ ಹೈಸ್ಕೂಲಿನಲ್ಲಿ ಅವಳು ಗಣಿತ, ನಾನು ಸಮಾಜ. ಒಂದೇ ಸ್ಟಾಫ್ ರೂಮು, ಊಟದ ಡಬ್ಬಿ ಅದಲುಬದಲು. ನಾನು ಕೂಗಾಡಿ ಪಾಠ ಮಾಡಿ ಬಂದು ಕೂತರೆ ಅವಳು ನಗುತ್ತ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದಳು. ಈಗ ಇಬ್ಬರೂ ನಿವೃತ್ತರು. ಅವಳ ಮಗಳು ಶಬಾನಾ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳು ಕರೆದಳು, ತಾಯಿ ಮಾತ್ರ ಲಕ್ಷ್ಮಕ್ಕ ಬಂದರೆ ಬರ್ತೀನಿ ಎಂದು ಹಟ ಹಿಡಿದಳು. ಹಾಗಾಗಿ ನಾನೂ ಹೊರಟೆ. ಆದರೆ ಒಂದು ಕರಾರು ಹಾಕಿದ್ದೆ. ಬೇರೆ ಏನು ತೋರಿಸದಿದ್ದರೂ ಸರಿ, ಬೆಟ್ಟದ ಮೇಲಿನ ಹಳೆಯ ಕೋಟೆಯೊಂದನ್ನು ತೋರಿಸಬೇಕು.

ಕೋಟೆಯ ಹುಚ್ಚು ನನಗೆ ಪುಸ್ತಕದಿಂದ ಹತ್ತಿದ್ದಲ್ಲ. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಊರ ಬೆನ್ನಿಗೇ ಒಂದು ಬೋಳು ಬಂಡೆಬೆಟ್ಟ, ಅದರ ಮೇಲೆ ಪಾಳೆಗಾರರ ಕಾಲದ ಸಣ್ಣ ದುರ್ಗ. ಮಧುಗಿರಿ ಬೆಟ್ಟದ ಎದುರು ಅದು ಮರಿ. ಆದರೆ ಅಷ್ಟು ಎತ್ತರದಲ್ಲಿ, ಬರೀ ಕಲ್ಲಿನ ನಡುವೆ, ಬೇಸಿಗೆಯಲ್ಲೂ ಬತ್ತದ ಒಂದು ದೊಣೆ, ಬಂಡೆಯೊಳಗಿನ ನೀರಿನ ಗುಂಡಿ, ಇದೆ. ಪಾಳೆಗಾರನ ಕುರಿಯೊಂದು ಕಾಣೆಯಾಗಿ, ಸಂಜೆ ಮೈ ತೊಪ್ಪೆ ಮಾಡಿಕೊಂಡು ಬೆಟ್ಟದಿಂದ ಇಳಿದು ಬಂತಂತೆ. ಬೋಳುಬಂಡೆಯ ಮೇಲೆ ನೀರೆಲ್ಲಿಂದ ಎಂದು ಹುಡುಕಿ ಹೋದವರಿಗೆ ದೊಣೆ ಸಿಕ್ಕಿತಂತೆ. ನೀರು ಸಿಕ್ಕ ಮೇಲೆ ಕೋಟೆ. ಮಧುಗಿರಿಯವರು ಆ ಕುರಿ ನಮ್ಮದು ಅನ್ನುತ್ತಾರೆ. ನಮ್ಮೂರವರು ಬಿಟ್ಟುಕೊಡುವುದಿಲ್ಲ.

ಬಸ್ ಸ್ಟಾಪು

ಮಾರನೆಯ ದಿನ ಶಬಾನಾ ಡ್ಯೂಟಿಗೆ ಹೋದಳು. ನಾವಿಬ್ಬರೇ ಹೊರಟೆವು. ನೂರ್ಜಾನ್ ಚುರುಮುರಿ ಕಲಸಿ ಡಬ್ಬಿಗೆ ಹಾಕಿದಳು, ನಾನು ನಲ್ಲಿ ನೀರು ಹಿಡಿದು ಬಾಟಲಿ ತುಂಬಿಕೊಂಡೆ. ಇಷ್ಟಕ್ಕೇ ತಡವಾಯಿತು. ಬಸ್ಸು ನಿಂತಿತ್ತು, ನಾವು ಸೀರೆಯ ನೆರಿಗೆ ಎತ್ತಿಕೊಂಡು ಓಡುತ್ತಿದ್ದೆವು, ಡ್ರೈವರು ನಮ್ಮನ್ನು ನೋಡಿದ. ಚೆನ್ನಾಗಿಯೇ ನೋಡಿದ. ನೋಡಿ, ಬಾಗಿಲು ಮುಚ್ಚಿ, ಹೊರಟುಹೋದ.

ನನಗೆ ಬಂದ ಸಿಟ್ಟಿಗೆ ಅವನ ವಂಶವನ್ನೆಲ್ಲ ಕನ್ನಡದಲ್ಲಿ ಬೈದೆ. ನನ್ನ ತಮ್ಮ ರಂಗ ಪಾವಗಡದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಹೊಲದ ಬದುವಿನ ಮೇಲೆ ಮುದುಕಿಯೊಬ್ಬಳು ಕೈ ಬೀಸುತ್ತ ಬರುತ್ತಿರುವುದು ಕಂಡರೆ ಸಾಕು, ಹೋಲ್ಡಾನ್ ಎಂದು ಬಸ್ಸು ನಿಲ್ಲಿಸಿ, ಅವಳು ಬರುವ ತನಕ ಕಾದು, ಅವಳ ಕೋಳಿಬುಟ್ಟಿಯನ್ನೂ ತಾನೇ ಎತ್ತಿ ಇಟ್ಟು, ಆಮೇಲೆ ರೈಟ್ ಅನ್ನುತ್ತಿದ್ದ. ಅದಕ್ಕೇ ಅವನ ಬಸ್ಸು ಒಂದು ದಿನವೂ ಹೊತ್ತಿಗೆ ಸರಿಯಾಗಿ ಪಾವಗಡ ಸೇರಲಿಲ್ಲ. ನೂರ್ಜಾನ್ ಇದನ್ನೇ ಎತ್ತಿ ಆಡಿದಳು. ಹೊತ್ತಿಗೆ ಸರಿಯಾಗಿ ಹೋಗುವ ಬಸ್ಸೂ ಬೇಕು, ನಿಂಗೋಸ್ಕರ ನಿಲ್ಲೋ ಬಸ್ಸೂ ಬೇಕು ಅಂದರೆ ಹೆಂಗೆ ಎಂದಳು. ಗಣಿತದವರ ಜೊತೆ ವಾದ ಮಾಡಬಾರದು.

ಈ ರಂಗನೂ ಈಗ ನಿವೃತ್ತ. ಕೈಗೆ ಕೆಲಸವಿಲ್ಲದೆ, ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ದುರ್ಗವನ್ನು ಉದ್ಧಾರ ಮಾಡುತ್ತೇನೆಂದು ಓಡಾಡುತ್ತಿದ್ದ. ಜಾಲಿಗಿಡ ಕಡಿಸಿದ, ಒಡೆದ ಬಾಟಲಿಗಳನ್ನು ಆರಿಸಿದ. ಅಲ್ಲಿಯವರೆಗೆ ನಾನೇ ಶಹಬ್ಬಾಸ್ ಅಂದಿದ್ದೆ. ನದಿಯ ದಂಡೆಯಿಂದ ಕಾಣುವ ಕೋಟೆಗಳ ಫೋಟೋಗಳನ್ನು ನಾನು ಕಳಿಸಿದ ಮೇಲೆ ಅವನ ಉಮೇದು ಇಮ್ಮಡಿಯಾಗಿತ್ತು. ನೀನು ಬರುವ ಹೊತ್ತಿಗೆ ನಮ್ಮ ದುರ್ಗವೂ ಫಾರಿನ್ ಥರ ಆಗಿರುತ್ತದೆ ಎಂದು ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದ. ನಾನು ನಕ್ಕಿದ್ದೆ.

ಕೋಟೆಯ ಬಾಗಿಲು

ಮುಂದಿನ ಬಸ್ಸು ಬೆಟ್ಟದ ಬುಡದಲ್ಲಿ ಇಳಿಸಿತು. ಅಲ್ಲಿಂದ ಏರುದಾರಿ. ಗುಂಪನ್ನು ಕರೆದುಕೊಂಡು ಹೋಗಲು ನಮ್ಮ ವಯಸ್ಸಿನ ಒಬ್ಬ ಹೆಂಗಸು ಬಂದಳು, ಗಂಡಸರ ಬೂಟು, ಕೈಯಲ್ಲಿ ಊರುಗೋಲು. ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ಗೈಡಮ್ಮ ಅಂತಲೇ ಇಟ್ಟುಕೊಂಡೆವು. ಅವಳ ಇಂಗ್ಲಿಷು ನಮ್ಮದರಷ್ಟೇ ನಿಧಾನ. ಇದರಿಂದ ಅನುಕೂಲವೇ ಆಯಿತು.

ಕೋಟೆ ನಿಜಕ್ಕೂ ಜಾಣರು ಕಟ್ಟಿದ್ದು. ಏರುದಾರಿಯ ಬಲಕ್ಕೇ ಗೋಡೆ ಬರುವಂತೆ ಮಾಡಿದ್ದಾರೆ. ನುಗ್ಗಿ ಬರುವವನ ಗುರಾಣಿ ಎಡಗೈಯಲ್ಲಿ, ಆದ್ದರಿಂದ ಅವನ ಬಲಮಗ್ಗುಲು ಮೇಲಿನ ಬಿಲ್ಲುಗಾರರಿಗೆ ಬಯಲಾಗಿ ಸಿಗುತ್ತದೆ. ಬಾಗಿಲ ಮೇಲ್ಗಡೆ ಸೂರಿನಲ್ಲಿ ತೂತುಗಳು. ಅವುಗಳಿಂದ ಕಾದ ಎಣ್ಣೆ ಸುರಿಯುತ್ತಿದ್ದರೇ ಎಂದು ನೂರ್ಜಾನ್ ಕೇಳಿದಳು. ಎಣ್ಣೆ ಯಾರಿಗಮ್ಮ ಗಿಟ್ಟೀತು, ಕಲ್ಲು ಹಾಕುತ್ತಿದ್ದರು ಎಂದಳು ಗೈಡಮ್ಮ. ಒಳಗಿನ ದೊಡ್ಡ ಗೋಪುರಕ್ಕೆ ನೆಲದಲ್ಲಿ ಬಾಗಿಲೇ ಇಲ್ಲ. ಎತ್ತರದಲ್ಲಿ ಒಂದು ಕಂಡಿ, ಏಣಿ ಹಾಕಿ ಹತ್ತಬೇಕು. ಕೋಟೆ ಬಿದ್ದರೆ ಉಳಿದವರು ಗೋಪುರ ಹೊಕ್ಕು ಏಣಿ ಎಳೆದುಕೊಳ್ಳುವುದು. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಗೂಡೊಂದನ್ನು ನಾನು ಕಾವಲುಗಾರನ ಜಾಗವೆಂದು ತಿಳಿದು ಫೋಟೋ ತೆಗೆಸಿಕೊಂಡೆ. ಅದು ಕಕ್ಕಸು. ಕೆಳಗೆ ನೇರ ಪ್ರಪಾತ. ನೂರ್ಜಾನ್ ಆ ಫೋಟೋವನ್ನು ಅಳಿಸಲು ಈಗಲೂ ಒಪ್ಪಿಲ್ಲ.

ಇದನ್ನು ಕಟ್ಟಿದ ದೊರೆಗಳ ಕಸುಬೇನೆಂದರೆ ನದಿಯಲ್ಲಿ ಹೋಗುವ ದೋಣಿಗಳನ್ನು ಅಡ್ಡಗಟ್ಟಿ ಸುಂಕ ಕಿತ್ತುಕೊಳ್ಳುವುದು. ಆಮೇಲೆ ಫ್ರೆಂಚರ ಸೈನ್ಯ ಬಂದು ಸುಟ್ಟಿತು. ಹಾಳುಬಿದ್ದ ಮೇಲೆ ಕೆಳಗಿನ ಊರಿನವರು ಕಲ್ಲು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರು. ಆ ಮೇಲೆ ಯಾವನೋ ಸಾಹುಕಾರ ಬಂದು ತನ್ನ ಕನಸಿನಲ್ಲಿ ಕೋಟೆ ಹೇಗಿತ್ತೋ ಹಾಗೆ ಮತ್ತೆ ಕಟ್ಟಿಸಿದ. ಈಗ ಎಲ್ಲರೂ ಬಾಯಿಬಿಟ್ಟುಕೊಂಡು ನೋಡುವ ಚೂಪು ಗೋಪುರಗಳು, ಬಣ್ಣದ ಗಾಜು, ಎಲ್ಲ ಅವನ ಕನಸೇ. ಹಳೆಯದೆಂದು ಟಿಕೆಟು ಹರಿದು ಹೊಸದನ್ನು ತೋರಿಸುತ್ತಾರಲ್ಲ ಎಂದು ನನಗೆ ರೇಗಿತು. ನಮ್ಮ ದುರ್ಗದಲ್ಲಿ ಸುಳ್ಳಿಲ್ಲ. ಬಂಡೆಯ ಮೇಲೆ ಬಂಡೆ, ನಡುವೆ ಗಾರೆಯೂ ಇಲ್ಲ. ಬತ್ತೇರಿ, ಬಗ್ಗಿ ನುಗ್ಗಬೇಕಾದ ದಿಡ್ಡಿ ಬಾಗಿಲು, ರಾಗಿ ತುಂಬುತ್ತಿದ್ದ ಕಣಜ, ದೊಣೆ. ಬಿದ್ದದ್ದು ಬಿದ್ದ ಹಾಗೇ ಇದೆ, ನಿಂತದ್ದು ನಿಂತ ಹಾಗೇ ಇದೆ. ಅಷ್ಟು ಹೆಮ್ಮೆಪಟ್ಟುಕೊಂಡು ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಟಿಕೆಟಿನವರ ವೈಫೈ ಸಿಕ್ಕಿತು. ರಂಗನ ಫೋಟೋಗಳು ಒಂದರ ಹಿಂದೆ ಒಂದು ಬಂದು ಬಿದ್ದವು, ಜೊತೆಗೆ ಅವನ ದನಿಯ ಮೆಸೇಜು.

"ಅಕ್ಕ, ದೊಣೆ ನೀರೆಲ್ಲ ಎತ್ತಾಕಿ, ತಳದ್ಗಂಟ ಬಳ್ದು ತೊಳ್ದುಬುಟ್ಟಿದೀವಿ. ಒಂದ್ ಬೊಟ್ಟು ಹೂಳಿಲ್ಲ. ತಳದಾಗೆ ಉದ್ದುಕ್ಕೊಂದು ಬಿರುಕು ಐತೆ ಕಣಕ್ಕ. ಇಷ್ಟ್ ದಿನ ನೀರೆಲ್ಲ ಅದ್ರಾಗೇ ಸೋರೋಗ್ತಿತ್ತು. ಇವತ್ತು ಸಿಮೆಂಟ್ ತುಂಬಿ ಮುಚ್ಚಿ, ಮ್ಯಾಲೆ ನೀಲಿ ಟೈಲ್ಸ್ ಹಾಕುಸ್ತೀನಿ. ನೀನು ಬಂದು ನೋಡೀವಂತೆ."

ನೀಲಿ ಟೈಲ್ಸು ಎಂದು ಕೇಳಿಯೇ ನಾನು ಹಲ್ಲು ಕಚ್ಚಿದೆ. ಪಾಳೆಗಾರರ ದೊಣೆಯನ್ನು ಈಜುಕೊಳ ಮಾಡುತ್ತಾನಂತೆ. ಆದರೆ ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು, ಒಂದು ಬೊಟ್ಟು ಹೂಳಿಲ್ಲ ಅಂದದ್ದು. ನಮ್ಮಪ್ಪನ ಕಾಲದಲ್ಲಿ ಯುಗಾದಿ ಕಳೆದ ಮೇಲೆ ಬೆಟ್ಟದ ಬುಡದ ಮನೆಗಳವರೆಲ್ಲ ಹತ್ತಿ ದೊಣೆಯ ಹೂಳೆತ್ತುತ್ತಿದ್ದರು. ಹೂಳನ್ನು ಮಂಕರಿಯಲ್ಲಿ ಹೊತ್ತು ಇಳಿಸಿ ಹೊಲಕ್ಕೆ ಹಾಕುತ್ತಿದ್ದರು. ಆದರೆ ಕೊನೆಯ ಮಂಕರಿ ಮಾತ್ರ ಇಳಿಯುತ್ತಿರಲಿಲ್ಲ. ಅಪ್ಪ ಅದನ್ನು ಅರಿಶಿನ ಕುಂಕುಮ ಹಾಕಿ ದೊಣೆಯ ತಳಕ್ಕೇ ವಾಪಸ್ ಸುರಿಯುತ್ತಿದ್ದರು. ಅದು ಗಂಗಮ್ಮನ ಪಾಲು. ಪೂರ್ತಿ ಬಳಿದರೆ ಅವಳ ಕಣ್ಣಿಗೆ ನೋವಾಗುತ್ತದೆ ಎಂಬ ಮಾತಿತ್ತು. ಊರಿಗೆ ನಲ್ಲಿ ಬಂದ ಮೇಲೆ ಹೂಳೆತ್ತುವುದೂ ನಿಂತಿತು, ಮಂಕರಿಯೂ ಹೋಯಿತು. ನಾನು ಸಮಾಜ ಪಾಠ ಹೇಳುವವಳು, ಇದನ್ನು ಮುದ್ದಾದ ಮೂಢನಂಬಿಕೆ ಎಂದು ಮಕ್ಕಳಿಗೆ ಹೇಳಿದ್ದೂ ಉಂಟು.

ಬಾವಿಯ ಕೋಣೆ

ಗೈಡಮ್ಮ ನಮ್ಮನ್ನು ಕೊನೆಗೆ ಬಾವಿಯ ಕೋಣೆಗೆ ಕರೆದುಕೊಂಡು ಹೋದಳು. ಬೆಟ್ಟದ ಬಂಡೆಯನ್ನೇ ಕೊರೆದು ಇಳಿಸಿದ ಬಾವಿ. ಪಕ್ಕದಲ್ಲಿ ಆಳೆತ್ತರದ ಮರದ ಚಕ್ರ. ಅದರೊಳಗೆ ಆಳುಗಳು ನಿಂತು ನಡೆಯುತ್ತಿದ್ದರೆ ಚಕ್ರ ತಿರುಗಿ ಹಗ್ಗ ಸುತ್ತಿಕೊಂಡು ನೀರು ಮೇಲೆ ಬರುತ್ತಿತ್ತಂತೆ. ಗೋಡೆಗಳು ಎಷ್ಟೇ ದಪ್ಪವಿರಲಿ, ಮುತ್ತಿಗೆ ಬಿದ್ದಾಗ ಕೋಟೆಯನ್ನು ಕಾಯ್ದದ್ದು ಈ ಬಾವಿ ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಬಗ್ಗಿ ನೋಡಿದೆವು. ಬಾಯಿಗೆ ಕಬ್ಬಿಣದ ಜಾಲರಿ. ಒಳಗೆ, ಆಳದವರೆಗೂ, ಬಣ್ಣಬಣ್ಣದ ವಿದ್ಯುತ್ ದೀಪಗಳು. ಸೀರಿಯಲ್ ಸೆಟ್ ಹಾಕಿದ ಮದುವೆಮನೆಯ ಹಾಗೆ. ನೀರು ಕಾಣಲಿಲ್ಲ.

ನೀರೆಲ್ಲಿ ಎಂದು ಕೇಳಿದೆ. ಇಲ್ಲ ಎಂದಳು. ಅವಳ ಅಜ್ಜನ ಕಾಲದಲ್ಲಿ ಕೋಟೆಯ ರಿಪೇರಿ ಮಾಡುವಾಗ ಬಾವಿಯ ಗೋಡೆಗಳಲ್ಲಿ ಬಿರುಕುಗಳು ಕಂಡವಂತೆ. ಗೋಡೆ ಕುಸಿದೀತು, ನೀರು ಸೋರೀತು ಎಂದು ಹೆದರಿ, ಮೇಲಿನಿಂದ ಕೆಳಗಿನವರೆಗೆ ಸಿಮೆಂಟು ಮೆತ್ತಿಸಿದರಂತೆ.

"ನೀರು ಬರುತ್ತಿದ್ದದ್ದೇ ಆ ಬಿರುಕುಗಳಿಂದ" ಎಂದಳು. "ಆಮೇಲೆ ಒಡೆದು ನೋಡಿದರು. ತಡವಾಗಿತ್ತು. ನೀರು ಬೇರೆ ದಾರಿ ಹಿಡಿದಿತ್ತು."

ಅಷ್ಟು ಹೇಳಿ, ಈಗ ಕೆಳಗಿನಿಂದ ಪೈಪಿನಲ್ಲಿ ನೀರು ಬರುತ್ತದೆ, ಬನ್ನಿ, ಮುಂದೆ ಅಡಿಗೆಮನೆ ಇದೆ ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಒಂದು ಬಾವಿಯನ್ನು ಉಸಿರುಗಟ್ಟಿಸಿ ಕೊಂದು, ಹೆಣಕ್ಕೆ ದೀಪ ಹಾಕಿ, ಅಡಿಗೆಮನೆ ಕಡೆ ಬನ್ನಿ ಅನ್ನುತ್ತಾಳಲ್ಲ ಎಂದು ನನಗೆ ಅವಳ ಊರುಗೋಲು ಕಿತ್ತು ಎಸೆಯಬೇಕೆನಿಸಿತು. ಎಸೆಯಲಿಲ್ಲ. ಗಂಗಮ್ಮನ ಕಣ್ಣು ಯಾವುದೆಂದು ಅಲ್ಲಿ, ಆ ಜಾಲರಿ ಹಿಡಿದುಕೊಂಡು ನಿಂತಾಗ ನನಗೆ ತಿಳಿಯಿತು. ಕೊನೆಯ ಮಂಕರಿ ಹೂಳು ಸದಾ ನಮ್ಮ ದೊಣೆಯ ಬಿರುಕಿನ ಮೇಲೇ ಕೂತಿರುತ್ತಿತ್ತು. ಅದನ್ನು ಯಾರೂ ಬಳಿಯುತ್ತಿರಲಿಲ್ಲ. ಬಳಿಯದ್ದರಿಂದ ನಮ್ಮೂರಿನಲ್ಲಿ ಬದುಕಿರುವ ಯಾರೂ ಆ ಬಿರುಕನ್ನು ನೋಡಿಯೇ ಇರಲಿಲ್ಲ. ಮೊದಲ ಸಲ ನೋಡಿದವನು ನನ್ನ ತಮ್ಮ. ನೋಡಿ, ಸೋರುತ್ತಿದೆ ಎಂದುಕೊಂಡ.

ಗೋಪುರದ ತುದಿ

ಫೋನು ತೆಗೆದರೆ ಸಿಗ್ನಲ್ ಇಲ್ಲ. ಅಂಗಳಕ್ಕೆ ಬಂದೆ, ವೈಫೈಯೂ ಕೈಕೊಟ್ಟಿತ್ತು. ಗೋಪುರದ ಮೇಲೆ ಸಿಗುತ್ತದೆ ಎಂದು ಯಾರೋ ಕೈ ತೋರಿಸಿದರು. ಈಗ ಏಣಿಯ ಬದಲು ಕಬ್ಬಿಣದ ಮೆಟ್ಟಿಲು ಹಾಕಿದ್ದಾರೆ. ಒಳಗೆ ಒಬ್ಬರೇ ಹೋಗಬಹುದಾದ ಸುರುಳಿ ಮೆಟ್ಟಿಲು. ಇಳಿಯುವವರಿಗೆ ಮೊದಲು ದಾರಿ ಬಿಡಬೇಕೆಂಬುದು ಅಲ್ಲಿನ ಪದ್ಧತಿಯಂತೆ. ನಾನು ಯಾರಿಗೂ ಬಿಡಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಎದುರು ಬಂದ ದಂಪತಿ ಗೋಡೆಗೆ ಅಂಟಿಕೊಂಡು ಏನೋ ಗೊಣಗಿದರು, ನಾನೂ ನನ್ನ ಭಾಷೆಯಲ್ಲಿ ಗೊಣಗಿದೆ. ಹಿಂದಿನಿಂದ ನೂರ್ಜಾನ್ ಏದುಸಿರು ಬಿಡುತ್ತ, ಎಲ್ಲರಿಗೂ ಸಾರಿ ಸಾರಿ ಅನ್ನುತ್ತ ಬಂದಳು.

ತುದಿಯಲ್ಲಿ ಗಾಳಿ. ಕೆಳಗೆ ನದಿ. ಫೋನು ಹೋಯಿತು, ರಂಗ ಎತ್ತಿದ.

"ಲೇ ರಂಗ, ಸಿಮೆಂಟ್ ನಿಲ್ಸೋ" ಎಂದೆ.

"ಮದ್ಯಾನ್ವೇ ಆಗೋಯ್ತಲ್ಲಕ್ಕ. ಟೈಲ್ಸೂ ಅಂಟುಸ್ತಾವ್ರೆ. ಹೆಂಗ್ ಮಿಂಚ್ತೈತೆ ಗೊತ್ತಾ."

ಬಿರುಕಿನಿಂದ ನೀರು ಸೋರುವುದಿಲ್ಲ, ಬರುತ್ತದೆ, ಹಸಿಯಿರುವಾಗಲೇ ಕಿತ್ತುಹಾಕು ಎಂದು ಅಂಗಲಾಚಿದೆ, ಬೈದೆ, ಮತ್ತೆ ಅಂಗಲಾಚಿದೆ. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ. ಜರ್ಮನಿಯ ಬಾವಿಗೂ ನಮ್ಮ ದೊಣೆಗೂ ಎಲ್ಲಿಯ ಸಂಬಂಧ ಎಂದ. ಮಳೆ ಬಂದರೆ ತುಂಬುತ್ತದೆ ಬಿಡು ಎಂದ. ಅಪ್ಪನ ಹೆಸರಿನ ಕಲ್ಲು ಕೆತ್ತಲು ಕೊಟ್ಟಾಗಿದೆ, ಉದ್ಘಾಟನೆಗೆ ದೊಡ್ಡವರನ್ನು ಕರೆದಾಗಿದೆ, ಈಗ ಅಗೆಯಲು ಹೋದರೆ ಊರೆಲ್ಲ ನಗುತ್ತದೆ ಎಂದ. ಆಮೇಲೆ, ಅಕ್ಕ ನೀನು ಟೂರು ಎಂಜಾಯ್ ಮಾಡು ಎಂದು ಫೋನು ಇಟ್ಟ.

ಆ ಕೋಟೆಯ ತುದಿಯಲ್ಲಿ ನಾನು ಗಳಗಳ ಅತ್ತೆ. ಸಿಟ್ಟಿಗೇ ಅತ್ತದ್ದು. ನೂರ್ಜಾನ್ ಬಾಟಲಿ ತೆಗೆದು ನೀರು ಕೊಟ್ಟಳು. ಸುತ್ತಲಿನವರು ಬೆನ್ನು ತಿರುಗಿಸಿ ನದಿಯ ಫೋಟೋ ತೆಗೆಯುತ್ತಿದ್ದರು. ಅಳುವವರನ್ನು ನೋಡಬಾರದೆಂಬುದು ಅಲ್ಲಿನ ಮರ್ಯಾದೆ ಎಂದು ಆಮೇಲೆ ಶಬಾನಾ ಹೇಳಿದಳು. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾಕಮ್ಮ, ಏನಾಯ್ತಮ್ಮ ಎಂದು ಹತ್ತು ಜನ ಸುತ್ತಿಕೊಂಡು ನನ್ನ ಜಾತಕವನ್ನೇ ತೆಗೆಯುತ್ತಿದ್ದರು. ಅವತ್ತು ನನಗೆ ಆ ಹತ್ತು ಜನ ಬೇಕಾಗಿತ್ತು.

ಉಳಿದ ದಿನಗಳಲ್ಲಿ ತಾಯಿ ಮಗಳು ಏನೇನು ತೋರಿಸಿದರೋ ನನಗೆ ನೆನಪಿಲ್ಲ. ಚರ್ಚು, ಸಂತೆ, ಗಡಿಯಾರ, ಎಲ್ಲದರ ಮುಂದೆಯೂ ಮುಖ ಊದಿಸಿಕೊಂಡು ನಿಂತ ಫೋಟೋಗಳಿವೆ.

ನಮ್ಮ ದುರ್ಗ

ಊರಿಗೆ ಬಂದವಳು ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ರಂಗನನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ಅವನ ಕೈಗೆ ಸುತ್ತಿಗೆ, ಚಾಣ ಕೊಟ್ಟೆ, ಹಾರೆ ನಾನೇ ಹಿಡಿದೆ. ಅವನು ದಾರಿಯುದ್ದಕ್ಕೂ ಉದ್ಘಾಟನೆಯ ವಿಚಾರ ಹೇಳುತ್ತ ಬಂದ. ಅಂದು ದೊಣೆ ತುಂಬಿರಬೇಕೆಂದು, ಕೆಳಗಿನಿಂದ ಕೊಡಗಳಲ್ಲಿ ನೀರು ಹೊತ್ತು ಹತ್ತಿಸಿ ಸುರಿದರಂತೆ. ಹತ್ತಿ ಬಂದವರಿಗೆಲ್ಲ ನೀರು ಕೊಡುತ್ತಿದ್ದ ಬೆಟ್ಟಕ್ಕೆ ನೀರು ಹೊರಿಸಿದ್ದನ್ನು ಅವನು ಹೆಮ್ಮೆಯಿಂದಲೇ ಹೇಳಿದ.

ದೊಣೆಯ ಬಳಿ ಒಬ್ಬ ಕುರಿಯವನು ಕೂತಿದ್ದ. ಹೆಸರು ನರಸಿಂಹಪ್ಪ, ಪಾವಗಡದಾಚೆ ರಾಯಚರ್ಲು ಕಡೆಯವನು. ಅಲ್ಲಿನ ಬೀಳುಗಳ ಮೇಲೆಲ್ಲ ಸೋಲಾರ್ ಹಲಗೆಗಳು ಬಂದ ಮೇಲೆ ಮೊದಲಿಗಿಂತ ಹೆಚ್ಚಾಗಿ, ಬೇಸಿಗೆಯಿಡೀ ಮಂದೆ ಹೊಡೆದುಕೊಂಡು ಈ ಕಡೆಯೇ ಇರುತ್ತಾನೆ. ನಮ್ಮೂರ ನಲ್ಲಿ ನಿಂತುಹೋದರೂ ದೊಣೆ ನಿಲ್ಲುವುದಿಲ್ಲ ಎಂಬ ನಂಬಿಕೆಯಿಂದ ಬರುತ್ತಿದ್ದವನು. ಕುರಿಗಳು ನೀಲಿ ಟೈಲ್ಸಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಹೊತ್ತು ಸುರಿದ ನೀರು ಎಂದೋ ಮುಗಿದಿತ್ತು. ತಳದಲ್ಲಿ ಒಂದು ತೊಟ್ಟಿಲ್ಲ. ಪಕ್ಕದಲ್ಲಿ ಗ್ರಾನೈಟ್ ಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ಅಪ್ಪನ ಹೆಸರು.

"ನೀಳ್ಳು ಲೇವು ಕಣಮ್ಮ" ಎಂದ ನರಸಿಂಹಪ್ಪ. "ನಮ್ ತಾತ್ನ ಕಾಲ್ದಿಂದ ಬತ್ತಾ ಇದೀವಿ. ನೀರಿಲ್ಲ ಅನ್ನೋದು ಇದೇ ಮೊದ್ಲು."

ರಂಗ ದೊಣೆಗೆ ಇಳಿದ. ಟೈಲ್ಸಿನ ಮೇಲೆ ಅಂಗೈ ಆಡಿಸಿದ, ಎಲ್ಲಾದರೂ ಒದ್ದೆ ಇದೆಯೇ ಎಂದು. ಮೂವತ್ತು ವರ್ಷ ಜನರಿಗಾಗಿ ಬಸ್ಸು ನಿಲ್ಲಿಸಿದವನು, ಕೆಡಿಸಬೇಕೆಂದು ಮಾಡಿದವನಲ್ಲ. ಅದು ಗೊತ್ತಿದ್ದೂ ನನ್ನ ಸಿಟ್ಟು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಅಪ್ಪುನ್ ಹೆಸ್ರು ಉಳೀಲಿ ಅಂತ ಮಾಡ್ದೆ ಕಣಕ್ಕ" ಎಂದ.

"ಅಪ್ಪ ಕೊನೇ ಮಂಕರಿ ಯಾಕೆ ವಾಪಸ್ ಹಾಕ್ತಿದ್ರು ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದೆ. "ಹೊಡಿ."

ಹೊಡೆದ. ಟೈಲ್ಸು ಎದ್ದವು, ಕೆಳಗೆ ಸಿಮೆಂಟು ಬಂಡೆಗಿಂತ ಗಟ್ಟಿಯಾಗಿ ಕೂತಿತ್ತು. ನಾನು ಹಾರೆ ಹಾಕಿ ಮೀಟಿದೆ, ನರಸಿಂಹಪ್ಪನೂ ಇಳಿದು ಚಾಣ ಹಿಡಿದ. ಬಿಸಿಲು ಇಳಿಯುವ ಹೊತ್ತಿಗೆ ಬಿರುಕಿನ ಒಂದು ಗೇಣು ಬಾಯಿ ತೆರೆಯಿತು. ಮೂವರೂ ಬಗ್ಗಿ ನೋಡಿದೆವು. ಕಪ್ಪು ಸಂದು, ಒಳಗೆ ಬರೀ ಬೂದು ಪುಡಿ. ರಂಗ ಬೆರಳು ತೂರಿಸಿದ. ನೀರು ತಿರ್ಗ ಬತ್ತೈತಾ ಅಕ್ಕ ಎಂದು ಕೇಳಿದ. ನನಗೆ ಗೊತ್ತಿದ್ದರೆ ತಾನೆ ಹೇಳುವುದು.

ಅಷ್ಟರಲ್ಲಿ ಒಂದು ಕುರಿ, ಬಾಯಾರಿಕೆ ತಡೆಯಲಾರದೆ, ನಮ್ಮ ನಡುವೆ ನುಗ್ಗಿ ಇಳಿದು ಬಂತು. ಬಿರುಕನ್ನು ಮೂಸಿತು. ಮೂತಿಯನ್ನು ಒಳಕ್ಕೆ ಒತ್ತಿ ನಾಲಿಗೆ ಹಾಕಿ ನೆಕ್ಕಿತು. ನಾವು ಬಗ್ಗಿ ನೋಡುತ್ತಿದ್ದೆವು. ಅದು ತಲೆ ಎತ್ತಿ ನಮ್ಮ ಕಡೆ ನೋಡಿದಾಗ ಮೂತಿಯ ತುಂಬ ಒಣ ಸಿಮೆಂಟು ಪುಡಿ ಮೆತ್ತಿತ್ತು.

ರಂಗ ತನ್ನ ಟವೆಲಿನಿಂದ ಅದರ ಮೂತಿ ಒರೆಸಿದ. ಆಮೇಲೆ ಮತ್ತೆ ಸುತ್ತಿಗೆ ಎತ್ತಿಕೊಂಡ.